ಡ್ಯೂರಿಯನ್ ಹಣ್ಣೂ ದರ್ಶಿನಿ ಕಾಫಿಯೂ

ಕಾಫಿ ಕುಡಿಯುತ್ತ ಲೋಕದ ಕಷ್ಟ ಮಾತಾಡಿ ಹಗುರಾಗುವುದು ನಮ್ಮವರ ಹಳೆಯ ಚಟ. ಯುದ್ಧ, ಬರ, ನೆರೆ, ಷೇರುಪೇಟೆ, ಅಮೆರಿಕದ ಅಧ್ಯಕ್ಷರು, ಎಲ್ಲವೂ ಲೋಟದ ತಳ ಕಾಣುವುದರೊಳಗೆ ಇತ್ಯರ್ಥವಾಗುತ್ತಿದ್ದವು. ಲೋಕ ಕೆಟ್ಟಿತ್ತು, ಕಾಫಿ ಚೆನ್ನಾಗಿತ್ತು, ಮಾತು ನಡೆಯುತ್ತಿತ್ತು. ಈಚೆಗೆ ಒಂದು ತೊಡಕು ಬಂದಿದೆ. ಲೋಕದ ಕಷ್ಟ ನೇರವಾಗಿ ಲೋಟದೊಳಕ್ಕೇ ಬಂದು ಕೂತಿದೆ. ಈಗ ಕಾಫಿ ಕುಡಿಯುತ್ತ ಕಾಫಿಯ ಬಗ್ಗೆಯೇ ದುಃಖಿಸಬೇಕು. ಇದು ಊಟಕ್ಕೆ ಕೂತು ಅಡುಗೆಯವರನ್ನು ಬೈದಷ್ಟೇ ಮುಜುಗರದ ಕೆಲಸ.

ನನ್ನ ಸ್ನೇಹಿತರೊಬ್ಬರು ಬೆಂಗಳೂರಿನಲ್ಲಿ ದರ್ಶಿನಿ ನಡೆಸುತ್ತಾರೆ. ಎಲ್ಲರೂ ರಾಯರು ಅಂತಲೇ ಕರೆಯುವುದು. ಅವರ ಗೋಡೆಯ ಬೆಲೆಪಟ್ಟಿಯಲ್ಲಿ ಇಡ್ಲಿ, ವಡೆ, ಖಾರಾಬಾತುಗಳ ಸಾಲು ಸಪಾಟಾಗಿದ್ದರೆ ಕಾಫಿಯ ಮುಂದೆ ಮಾತ್ರ ಸ್ಟಿಕ್ಕರಿನ ಮೇಲೆ ಸ್ಟಿಕ್ಕರ್ ಕೂತು ಅಂಕಿ ಉಬ್ಬಿಕೊಂಡಿದೆ. ಪುಡಿಯ ಬೆಲೆ ಏರಿದಾಗ ಒಂದು, 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ಇನ್ನೊಂದು. ಅಂಚು ಬಿಟ್ಟುಕೊಂಡ ಕಡೆ ಉಗುರಿನಲ್ಲಿ ಕೆರೆದರೆ ನಮ್ಮ ಹಳೆಯ ಒಳ್ಳೆಯ ದಿನಗಳು ಒಂದೊಂದಾಗಿ ಕಾಣುತ್ತವೆ. ಗಿರಾಕಿ ದುಡ್ಡು ಕೊಡುವಾಗ ಪಟ್ಟಿ ನೋಡುವುದಿಲ್ಲ, ರಾಯರ ಮುಖ ನೋಡುತ್ತಾನೆ. ಆ ನೋಟ ತಾಳಲಾರದೆ ರಾಯರು ತಮಗೂ ಒಬ್ಬ ಅಪರಾಧಿಯನ್ನು ಹುಡುಕಿಕೊಂಡಿದ್ದರು. "ತೋಟದೋರು ಸಾರ್. ಚಿಕ್ಕಮಗಳೂರಿನೋರು ಮೂಟೆ ಕಟ್ಟಿಟ್ಟು ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿದ್ದಾರೆ, ಇನ್ನೂ ಏರಲಿ ಅಂತ."

ನನ್ನ ಭಾವ ಅದೇ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಕಡೆಯ ಸಣ್ಣ ಬೆಳೆಗಾರ. ಇವರಿಬ್ಬರನ್ನೂ ಒಂದೇ ಜಗಲಿಯಲ್ಲಿ ಕೂರಿಸಿ ನೋಡಬೇಕೆಂಬ ಕಿಡಿಗೇಡಿ ಆಸೆ ನನಗೆ ಬಹಳ ಕಾಲದಿಂದ ಇತ್ತು. 2025ರ ದೀಪಾವಳಿಗೆ ಭಾವನ ಮನೆಯಲ್ಲಿ ಕೈಗೂಡಿತು. ಹಬ್ಬದ ಊಟ ಮುಗಿದು ಎಲೆಅಡಿಕೆ ತಟ್ಟೆ ಸುತ್ತು ಹೊಡೆಯುತ್ತಿದ್ದಾಗ ಪಕ್ಕದ ತೋಟದ ನಿವೃತ್ತ ಮೇಷ್ಟ್ರು, ರಜೆಗೆ ಬಂದಿದ್ದ ಅವರ ಹಡಗಿನ ಮಗ, ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕೆಲಸದಲ್ಲಿರುವ ಅಕ್ಕ-ಭಾವನ ಮಗಳು, ಅಂದರೆ ನನ್ನ ಸೊಸೆ, ಎಲ್ಲರೂ ಸೇರಿದ್ದರು. ಇಂಥ ಕೂಟ ಕೂಡಿಸುವುದು ನನಗೆ ಗೊತ್ತಿರುವ ಏಕೈಕ ವಿದ್ಯೆ.

ರಾಯರು ಬಿಸಿಯಲ್ಲೇ ಶುರು ಮಾಡಿದರು. "ಗೌಡ್ರೆ, ನೀವು ಹಿಡಿದಿಟ್ಟುಕೊಂಡ್ರೆ ನಾವು ಬದುಕೋದು ಹೇಗೆ?"

ಭಾವ ನಕ್ಕ. "ಹಿಡಿದಿಟ್ಟುಕೊಳ್ಳೋಕೆ ಗೋದಾಮು ಬೇಕಲ್ಲ ರಾಯ್ರೆ. ನಂಗಿರೋದು ಈ ಅಟ್ಟ. ಅದ್ರಲ್ಲೂ ಅರ್ಧ ಇವಳ ಹಳೇ ಪಾತ್ರೆ. ಕೊಯ್ಲು ಮುಗಿದ ವಾರಕ್ಕೇ ಕೂಲಿ ಬಟವಾಡೆ, ಗೊಬ್ಬರದ ಅಂಗಡಿ ಬಾಕಿ, ಸೊಸೈಟಿ ಸಾಲ. 2024ರಲ್ಲಿ ರೋಬಸ್ಟಾ ಚೆರಿ 50 ಕೆಜಿ ಮೂಟೆಗೆ 10,000 ದಾಟ್ತಲ್ಲ, ಆವಾಗ ನನ್ನ ಅಟ್ಟದಲ್ಲಿದ್ದದ್ದು ಇಲಿ." ಐದಾರು ವರ್ಷದ ಹಿಂದೆ ಅದೇ ಮೂಟೆಗೆ 3,500ರ ಆಸುಪಾಸು ಇದ್ದದ್ದನ್ನೂ ಹೇಳಿದ. ಆಮೇಲೆ ಮೆಲ್ಲಗೆ ಒಂದು ಕೊಕ್ಕೆ ಹಾಕಿದ. "ಅಷ್ಟಕ್ಕಿದ್ದಾಗ ನಿಮ್ಮ ಹೋಟ್ಲಲ್ಲಿ ಕಾಫಿ ಬೆಲೆ ಇಳಿಸಿದ್ರಾ?"

ರಾಯರು ಅಡಿಕೆ ಹೋಳು ಆರಿಸುವುದರಲ್ಲಿ ಮಗ್ನರಾದರು.

ಮೊದಲ ಅಪರಾಧಿ ಹೀಗೆ ಖುಲಾಸೆಯಾದ. ಹಾಗಾದರೆ ಯಾರು? ಭಾವನಿಗೆ ಅನುಮಾನವೇ ಇರಲಿಲ್ಲ: ಬ್ರೆಜಿಲ್. ಈ ಮನೆಯಲ್ಲಿ ಬ್ರೆಜಿಲ್ ಎಂದರೆ ಫುಟ್‌ಬಾಲ್ ಅಲ್ಲ, ಹಿಮ. ಭಾವನ ಅಪ್ಪ ಪುಣೆಯನ್ನೂ ಕಂಡವರಲ್ಲ, ಆದರೆ ಪರಾನಾ, ಮಿನಾಸ್ ಜೆರೈಸ್ ಎಂಬ ಬ್ರೆಜಿಲಿನ ಹೆಸರುಗಳು ಅವರ ಬಾಯಲ್ಲಿ ಕೊಪ್ಪ, ಬಾಳೆಹೊನ್ನೂರಿನಷ್ಟು ಸಲೀಸಾಗಿ ಆಡುತ್ತಿದ್ದವು. ಜುಲೈ ಬಂತೆಂದರೆ ಇಲ್ಲಿ ಮಳೆ ಹೊಯ್ಯುತ್ತಿದ್ದರೂ ಅವರ ಚಿಂತೆ ಅಲ್ಲಿಯ ಚಳಿಯದು. ಪ್ರಪಂಚದ ಕಾಫಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬೆಳೆಯುವವರು ಬ್ರೆಜಿಲಿನವರು. ಅಲ್ಲಿ ಹಿಮ ಬಿದ್ದರೆ ಇಲ್ಲಿ ಬೆಲೆ ಏಳುತ್ತದೆ. 1975ರ ಜುಲೈ ನಡುವಿನಲ್ಲಿ ಬಿತ್ತು ನೋಡಿ. ಪರಾನಾದಲ್ಲಿ ರಾತ್ರಿ ಬೆಳಗಾಗುವುದರೊಳಗೆ ಕೋಟಿಗಟ್ಟಲೆ ಗಿಡ ಸುಟ್ಟಂತೆ ಕರಕಾದವು. ಅಲ್ಲಿಯವರು ಅದನ್ನು ಇವತ್ತಿಗೂ ಕಪ್ಪು ಹಿಮ ಎನ್ನುತ್ತಾರೆ. 1977ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಅರೇಬಿಕಾದ ಬೆಲೆ ಎಷ್ಟು ಮೇಲೆ ಹೋಯಿತೆಂದರೆ ಆ ದಾಖಲೆ ಮುರಿಯಲು 2024ರ ಡಿಸೆಂಬರ್ ಬರಬೇಕಾಯಿತು. ಆಗೆಲ್ಲ ಬೆಳೆದದ್ದನ್ನು ಕಾಫಿ ಬೋರ್ಡಿನ ಪೂಲಿಗೆ ಕೊಡುವ ಕಾಲ. ಬೋರ್ಡು ಮಾರಿ ಕಂತುಕಂತಾಗಿ ಹಣ ಕೊಡುತ್ತಿತ್ತು. "ನೀವು ಕೂತಿರೋ ಈ ರೆಡ್ ಆಕ್ಸೈಡ್ ನೆಲ ಆ ಕಂತಿನದು," ಎಂದ ಭಾವ.

ಎಲ್ಲರೂ ಒಮ್ಮೆ ನೆಲ ನೋಡಿಕೊಂಡೆವು. ಕಾಲಿಗೆ ತಣ್ಣಗಿತ್ತು. ಐವತ್ತು ವರ್ಷ ಉಜ್ಜಿ ಉಜ್ಜಿ ಕನ್ನಡಿಯಂತಾದ ನೆಲ. ಪರಾನಾದಲ್ಲಿ ಗಿಡ ಸುಟ್ಟವರು ಕಾಫಿ ಕಿತ್ತು ಸೋಯಾ ಹಾಕಿದರು. ಸೋಯಾಕ್ಕೆ ಯಂತ್ರ ಸಾಕು, ಆಳು ಬೇಡ. ತೋಟದ ಕೂಲಿಯವರು ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಅವರ ವನವಾಸದಲ್ಲಿ ನಮ್ಮ ಜಗಲಿಗೆ ಹೊಳಪು ಬಂತು. ಭಾವನ ಅಪ್ಪ ಕೆಟ್ಟವರಾಗಿರಲಿಲ್ಲ, ಇರುವೆ ಮೆಟ್ಟಿದರೆ ನೊಂದುಕೊಳ್ಳುವವರು. ಆದರೂ ಜುಲೈ ತಿಂಗಳಲ್ಲಿ ದೇವರ ಮುಂದೆ ಕೈಮುಗಿದಾಗ ಅವರು ಏನು ಕೇಳಿಕೊಳ್ಳುತ್ತಿದ್ದರೆಂದು ನಾವು ಯಾರೂ ಕೇಳಿದ್ದಿಲ್ಲ.

ಇಲ್ಲಿ ಸೊಸೆ ಬಾಯಿ ಹಾಕಿದಳು. ಅವಳು ಲೈಪ್‌ಜಿಗ್‌ನಲ್ಲಿ ಬಾಡಿಗೆಗಿರುವ ಮನೆಯ ಮಾಲಕಿ ಪೂರ್ವ ಜರ್ಮನಿಯ ಕಾಲ ಕಂಡ ಅಜ್ಜಿ. ಆ ಅಜ್ಜಿ ಇವತ್ತಿಗೂ 1977 ಅಂದರೆ ಮುಖ ಹುಳಿ ಮಾಡುತ್ತಾರಂತೆ. ನಮ್ಮ ಜಗಲಿಗೆ ನೆಲ ಬಂದ ಆ ವರ್ಷವೇ ಅವರಿಗೆ ಕಾಫಿ ಹೋಯಿತು. ಬೆಲೆ ಏರಿದಾಗ ಪೂರ್ವ ಜರ್ಮನಿಯ ಸರ್ಕಾರದ ಹತ್ತಿರ ಕೊಳ್ಳಲು ಡಾಲರಿಲ್ಲ. ಆದ್ದರಿಂದ ಒಂದು ಮಿಶ್ರಣ ಬಿಡುಗಡೆ ಮಾಡಿದರು: ನೂರಕ್ಕೆ 51 ಪಾಲು ಕಾಫಿ, ಉಳಿದದ್ದು ರೈ, ಬಾರ್ಲಿ, ಬಟಾಣಿ, ಸಕ್ಕರೆ ಬೀಟಿನ ತಿರುಳು. ಹೋಟೆಲುಗಳ ಯಂತ್ರಗಳ ಜಾಲರಿಗೆ ಬಟಾಣಿ ಹಿಟ್ಟು ಅಂಟಿ ಕಟ್ಟಿಕೊಂಡಿತು. ಏನನ್ನಾದರೂ ಸಹಿಸಿಕೊಂಡಿದ್ದ ಜನ ಇದನ್ನು ಸಹಿಸಲಿಲ್ಲ. ಬರ್ಲಿನ್ನಿನಲ್ಲಿ ಗೋಡೆ ಕಟ್ಟಿದಾಗ ಸುಮ್ಮನಿದ್ದವರು ಕಾಫಿಗೆ ಬಟಾಣಿ ಹಾಕಿದಾಗ ಸರ್ಕಾರಕ್ಕೆ ಸಾವಿರಾರು ದೂರಿನ ಕಾಗದ ಬರೆದರು. ಅಧಿನಾಯಕ ಹೊನೆಕರ್ ಹೆಸರನ್ನೇ ಆ ಪುಡಿಗೆ ಅಂಟಿಸಿ ಗೇಲಿ ಮಾಡಿದರು.

ರಾಯರ ಕಣ್ಣು ಅರಳಿತು. "51 ಕಾಫಿ, 49 ಬೇರೆಯಾ? ನಮ್ಮಲ್ಲಿ ಅದು ಕಾನೂನು ಕಣಮ್ಮ! ಚಿಕೋರಿ ಮಿಶ್ರಣದಲ್ಲಿ ಕಾಫಿ 51ಕ್ಕಿಂತ ಕಮ್ಮಿ ಇರಬಾರದು. ಅವರು ದಂಗೆ ಎದ್ದದ್ದಕ್ಕೆ ನಾವು ಕ್ಯೂ ನಿಲ್ತೀವಿ."

ಇದು ಎಲ್ಲರಿಗೂ ಬಹಳ ಹಿಡಿಸಿತು. ಚಿಕೋರಿಯ ಜಾತಕ ತೆಗೆದರೂ ಅಲ್ಲೊಂದು ಯುದ್ಧವೇ ಇದೆಯೆಂದು ಮೇಷ್ಟ್ರು ನೆನಪಿಸಿದರು. 1806ರಲ್ಲಿ ನೆಪೋಲಿಯನ್ ಇಂಗ್ಲೆಂಡಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದ. ಫ್ರಾನ್ಸಿಗೆ ಕಾಫಿ ಬರುವುದು ಕಡಿಮೆಯಾಯಿತು. ಜನ ಚಿಕೋರಿ ಬೇರನ್ನು ಹುರಿದು ಬೆರೆಸಿದರು. ಯುದ್ಧ ಮುಗಿದರೂ ರುಚಿ ಉಳಿಯಿತು. ಅದು ಹೇಗೋ ತಮಿಳುನಾಡು ಮೈಸೂರುಗಳ ಹಿತ್ತಾಳೆ ಫಿಲ್ಟರಿಗೂ ಇಳಿಯಿತು. ಈಗ ಚಿಕೋರಿಯಿಲ್ಲದ ಕಾಫಿ ಕೊಟ್ಟರೆ "ಏನಿದು, ನೀರಿನ ಹಾಗಿದೆ" ಎನ್ನುವ ನನ್ನಂಥವರು ನೆಪೋಲಿಯನ್ನನ ಪ್ರಜೆಗಳೇ. ಬೆಲೆ ಏರಿದಾಗ ಪುಡಿಯಂಗಡಿಯವರು ಚಿಕೋರಿಯ ಪಾಲನ್ನು 20ರಿಂದ 30ಕ್ಕೆ, 30ರಿಂದ 40ಕ್ಕೆ ತಳ್ಳುತ್ತಾರೆ. ಜಾಮ್‌ನಗರದ ಕಡೆ ಚಿಕೋರಿ ಬೆಳೆಯುವ ರೈತ ಆಗ ಮುಗುಳ್ನಗುತ್ತಾನೆ. ಅವನಿಗೆ ಇದು ಬಿಕ್ಕಟ್ಟೇ ಅಲ್ಲ, ಸುಗ್ಗಿ.

ಸೊಸೆಯ ಕಥೆ ಮುಗಿದಿರಲಿಲ್ಲ. ಡಾಲರಿಲ್ಲದ ಸರ್ಕಾರ ಇಥಿಯೋಪಿಯಕ್ಕೆ ಆಯುಧ ಕೊಟ್ಟು ಕಾಫಿ ತಂದಿತು. ಆ ಕೋವಿಗಳು ಅಲ್ಲಿ ಯಾರ ಮೇಲೆ ಹಾರಿದವೆಂಬುದು ಲೈಪ್‌ಜಿಗ್‌ನ ಅಡುಗೆಮನೆಗೆ ತಿಳಿಯಲಿಲ್ಲ. ಅದೂ ಸಾಲದೆ 1980ರಲ್ಲಿ ಆಗಷ್ಟೇ ಯುದ್ಧದಿಂದ ಹೊರಬಂದಿದ್ದ ವಿಯೆಟ್ನಾಮಿನ ಜೊತೆ ಒಪ್ಪಂದ. ಮಧ್ಯ ದಿಬ್ಬನಾಡಿನ ಡಾಕ್ ಲಾಕ್ ಪ್ರಾಂತ್ಯದಲ್ಲಿ ಕಾಡು ಸವರಿ, ಬಯಲಿನ ಜನರನ್ನು ಅಲ್ಲಿಗೆ ಸಾಗಿಸಿ, ಟ್ರಾಕ್ಟರು, ಪಂಪು, ಎಂಜಿನಿಯರುಗಳನ್ನು ಕಳಿಸಿ ರೋಬಸ್ಟಾ ನೆಡಿಸಿದರು. ಮೊದಲಿಂದ ಅಲ್ಲಿದ್ದ ಗುಡ್ಡಗಾಡಿನ ಜನ ನೆಲ ಕಳೆದುಕೊಂಡರು. ಫಸಲಿನಲ್ಲಿ ಅರ್ಧ ಪೂರ್ವ ಜರ್ಮನಿಗೆ ಎಂದು ಮಾತಾಗಿತ್ತು. ಕಾಫಿ ಗಿಡ ಹೇಳಿದ ಮಾತು ಕೇಳುವ ಜಾತಿಯದಲ್ಲ, ವರ್ಷಗಳನ್ನು ತಿಂದೇ ಕೈಗೆ ಬರುವುದು. ಗಿಡಗಳು ಮೈತುಂಬಿ ಕಾಯಿ ಹಿಡಿಯುವ ಹೊತ್ತಿಗೆ 1990 ಬಂತು. ಕಾಫಿ ಇತ್ತು, ಕೊಳ್ಳಬೇಕಾದ ದೇಶವೇ ಭೂಪಟದಲ್ಲಿರಲಿಲ್ಲ.

"ಆಮೇಲೆ?" ಎಂದ ಭಾವ. ಈಗ ಅವನ ಧ್ವನಿ ಬದಲಾಗಿತ್ತು. ಏಕೆಂದರೆ ಆಮೇಲಿನದು ಅವನಿಗೇ ಗೊತ್ತಿತ್ತು. ಯಾವ ದೇಶ ಎಷ್ಟು ಮಾರಬೇಕೆಂದು ಗೊತ್ತುಮಾಡುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ 1989ರಲ್ಲೇ ಮುರಿದು ಬಿದ್ದಿತ್ತು. ನಮ್ಮ ಬೋರ್ಡಿನ ಪೂಲೂ 1990ರ ದಶಕದಲ್ಲಿ ಮುಚ್ಚಿತು, ಬೆಳೆಗಾರ ಸ್ವತಂತ್ರನಾದ. ವಿಯೆಟ್ನಾಮ್ ಆ ದಶಕ ಮುಗಿಯುವಷ್ಟರಲ್ಲಿ ಪ್ರಪಂಚದ ಎರಡನೆಯ ದೊಡ್ಡ ಕಾಫಿ ದೇಶ. ಕಾಫಿ ಹೊಳೆಯಾಗಿ ಹರಿಯಿತು, 2001ರ ಸುಮಾರಿಗೆ ಬೆಲೆ ದಶಕಗಳಲ್ಲಿ ಕಾಣದಷ್ಟು ಕುಸಿಯಿತು. ಭಾವ ಒಳಗೆ ಹೋಗಿ, ದೇವರ ಕೋಣೆಯ ಗೂಡಿನಿಂದ, ಮೂಲೆ ಮಡಚಿದ ಸೊಸೈಟಿಯ ಹಳೆಯ ಪಾಸ್‌ಪುಸ್ತಕ ತಂದು ರಾಯರ ಮಡಿಲಿಗಿಟ್ಟ. ಸಾಲ, ಬಡ್ಡಿ, ಸಾಲ ನವೀಕರಣ, ಬಡ್ಡಿ. ನೀಲಿ ಶಾಯಿ ಹಳದಿ ಹಾಳೆಯಲ್ಲಿ ಹಬ್ಬಿಕೊಂಡಿತ್ತು. ಕೊಯ್ಲಿನ ಕೂಲಿಗೂ ಬೆಲೆ ಗಿಟ್ಟುವುದಿಲ್ಲವೆಂದು ಒಂದು ವರ್ಷ ಹಣ್ಣನ್ನು ಗಿಡದಲ್ಲೇ ಬಿಟ್ಟಿದ್ದರಂತೆ. ಆಗಿನ ಪತ್ರಿಕೆಗಳಲ್ಲಿ ಕೊಡಗು, ವಯನಾಡು, ಹಾಸನದ ಸುದ್ದಿಗಳು ಇದಕ್ಕಿಂತ ಕೆಟ್ಟದಾಗಿರುತ್ತಿದ್ದವು.

"ಅಂದ್ರೆ," ಎಂದ ಭಾವ, "ನಾನು ಸಾಲಗಾರ ಆಗಿದ್ದು ನಿನ್ನ ಆ ಅಜ್ಜಿ ಬಟಾಣಿ ಕಾಫಿ ಕುಡಿಯಲ್ಲ ಅಂದಿದ್ದಕ್ಕಾ?"

ಅಷ್ಟು ನೇರವಾಗಿ ಹೇಳಿದರೆ ಮೇಷ್ಟ್ರು ಕಿವಿ ಹಿಂಡುತ್ತಾರೆ. ವಿಯೆಟ್ನಾಮ್ 1986ರಲ್ಲಿ ತನ್ನ ಅರ್ಥವ್ಯವಸ್ಥೆಯನ್ನೇ ಹೊರಳಿಸಿಕೊಂಡಿತು, ರೈತನಿಗೆ ನೆಲದ ಹಕ್ಕು ಬಂತು, ಬೆಲೆ ಬಂದಾಗ ಎಲ್ಲರೂ ನೆಟ್ಟರು. ಬರೀ ಜರ್ಮನ್ ಟ್ರಾಕ್ಟರಿನಿಂದ ಅಷ್ಟೆಲ್ಲ ಆಗುವುದಿಲ್ಲ. ಆದರೂ ಒಂದು ಎಳೆ ಇದ್ದದ್ದು ನಿಜ. ಪರಾನಾದ ಹಿಮ ಅಪ್ಪನಿಗೆ ನೆಲ ಹಾಸಿಕೊಟ್ಟಿತು, ಅದೇ ಹಿಮ ಅಜ್ಜಿಯ ಲೋಟ, ಡಾಕ್ ಲಾಕಿನ ಕಾಡು ಎಲ್ಲ ಸುತ್ತಿಕೊಂಡು ಇಪ್ಪತ್ತೈದು ವರ್ಷದ ಮೇಲೆ ಮಗನ ಮನೆಗೆ ಬಂದು ಜಪ್ತಿ ನೋಟೀಸು ಕೊಟ್ಟಿತು. ತಂದೆಗೆ ಆದ ಲಾಭವನ್ನು ಮಗನಿಂದ ಬಡ್ಡಿ ಸಮೇತ ವಸೂಲು ಮಾಡುವ ಇಂಥ ಲೇವಾದೇವಿಯನ್ನು ನಮ್ಮ ಪುರಾಣಗಳಲ್ಲೂ ನಾನು ಕಂಡಿಲ್ಲ.

ಇಷ್ಟಾದ ಮೇಲೆ ಈಗಿನ ಏರಿಕೆಯ ಸರದಿ. ಅದೂ ಡಾಕ್ ಲಾಕಿನ ದಾರಿಯಲ್ಲೇ ಬಂದದ್ದು. 2022ರಲ್ಲಿ ಚೀನಾ ದೇಶ ವಿಯೆಟ್ನಾಮಿನ ತಾಜಾ ಡ್ಯೂರಿಯನ್ ಹಣ್ಣನ್ನು ಅಧಿಕೃತವಾಗಿ ಆಮದು ಮಾಡಿಕೊಳ್ಳಲು ಒಪ್ಪಿತು. ನೋಡಲು ಹಲಸಿನ ದಾಯಾದಿ, ಮುಳ್ಳು ಇನ್ನೂ ಜೋರು, ವಾಸನೆಯಂತೂ ಸಿಂಗಪುರದ ಮೆಟ್ರೊ ರೈಲಿನಲ್ಲಿ ಅದನ್ನು ಒಯ್ಯಬಾರದೆಂದು ಫಲಕವೇ ಇರುವಂಥದು. ಚೀನೀಯರಿಗೆ ಅದೆಂದರೆ ಪ್ರಾಣ. ಕಾಫಿಗಿಂತ ಹಲವು ಪಟ್ಟು ಹುಟ್ಟುವಳಿ ಕಂಡ ವಿಯೆಟ್ನಾಮಿನ ರೈತರು ಕಾಫಿ ಕಿತ್ತು ಡ್ಯೂರಿಯನ್ ನೆಟ್ಟರು. ಅದರ ಮೇಲೆ ಎಲ್ ನಿನೊ, 2024ರಲ್ಲಿ ಬರಗಾಲ. ರೋಬಸ್ಟಾ ಕಡಿಮೆಯಾಯಿತು, ಲಂಡನ್ನಿನ ಪೇಟೆ ಏರಿತು, ಭಾವನ ಸಾಲ ತೀರಿತು, ರಾಯರ ಗೋಡೆಯ ಮೇಲೆ ಸ್ಟಿಕ್ಕರ್ ಬಿತ್ತು. ಅಮೆರಿಕ ಬ್ರೆಜಿಲಿನ ಮೇಲೆ ಆಗಸ್ಟಿನಲ್ಲಿ ಹಾಕಿದ ನೂರಕ್ಕೆ 50ರ ಸುಂಕವೂ ಆ ಹಬ್ಬದ ಹೊತ್ತಿಗೆ ಜಾರಿಯಲ್ಲಿತ್ತು. ತಮ್ಮವರ ಲೋಟಕ್ಕೇ ಬಿಸಿ ತಟ್ಟಿದ ಮೇಲೆ ನವೆಂಬರಿನಲ್ಲಿ ಆ ಸುಂಕದಿಂದ ಕಾಫಿಯನ್ನು ಕೈಬಿಟ್ಟರು.

ಹಡಗಿನ ಹುಡುಗ ಇಷ್ಟು ಹೊತ್ತೂ ಮಾತಾಡಿರಲಿಲ್ಲ. ಸಮುದ್ರದವರಿಗೆ ನೆಲದವರ ಲೆಕ್ಕ ಬೇಗ ರುಚಿಸುವುದಿಲ್ಲ. "ಬೆಳೆದದ್ದು, ಕುಡಿದದ್ದು ಎಲ್ಲ ಹೇಳಿದ್ರಿ. ಸಾಗಿಸಿದೋರು?" ಎಂದ. ನಮ್ಮ ಕಾಫಿಯ ಹೆಚ್ಚಿನ ಪಾಲು ಹೋಗುತ್ತಿದ್ದದ್ದು ಇಟಲಿ, ಜರ್ಮನಿಗಳ ಕಡೆಗೆ, ಕೆಂಪು ಸಮುದ್ರ ಮತ್ತು ಸುಯೆಜ್ ಕಾಲುವೆ ಹಾದು. 2023ರ ನವೆಂಬರಿನಲ್ಲಿ ಯೆಮನ್ನಿನ ಹೌತಿಗಳು, ಗಾಜಾದ ಯುದ್ಧದ ಹೆಸರಿನಲ್ಲಿ, 'ಗ್ಯಾಲಕ್ಸಿ ಲೀಡರ್' ಎಂಬ ಹಡಗಿನ ಮೇಲೆ ಹೆಲಿಕಾಪ್ಟರಿನಿಂದ ಇಳಿದು ಅದನ್ನು ಎಳೆದೊಯ್ದರು. ಅದರ 25 ಜನ ಸಿಬ್ಬಂದಿಗೆ ಬಿಡುಗಡೆ ಸಿಕ್ಕಿದ್ದು 2025ರ ಜನವರಿಯಲ್ಲಿ. ಅವರಿಗೆ ಇಸ್ರೇಲೂ ಗೊತ್ತಿಲ್ಲ, ಯೆಮನ್ನೂ ಗೊತ್ತಿಲ್ಲ. ಹೆಚ್ಚಿನವರು ಫಿಲಿಪ್ಪೀನ್ಸಿನ ಹುಡುಗರು. ಆಮೇಲೆ ದೊಡ್ಡ ಕಂಪನಿಗಳೆಲ್ಲ ಆಫ್ರಿಕದ ತುದಿ ಬಳಸಿ ಹೋಗತೊಡಗಿದವು. ಹತ್ತು ಹದಿನಾಲ್ಕು ದಿನ ಹೆಚ್ಚು, ಇಂಧನ ಹೆಚ್ಚು, ವಿಮೆ ಹೆಚ್ಚು, ಕಂಟೇನರು ಸಿಗುವುದು ಕಷ್ಟ. ಬಾಡಿಗೆ ಏರಿದ್ದಕ್ಕೆ ರಾಯರು ತಲೆಯಾಡಿಸಿ ಲೊಚಗುಟ್ಟಿದರು. ಹುಡುಗ ಹೇಳಿದ: "ನಮಗೆ ಆ ದಾರಿನೇ ಒಳ್ಳೇದು. ದೂರ, ಆದ್ರೆ ರಾತ್ರಿ ನಿದ್ದೆ ಬರುತ್ತೆ."

ಆ ಹೌತಿಗಳ ಕಡಲ ಪಕ್ಕದಲ್ಲೇ, ಬಾಬ್ ಎಲ್ ಮಂದೆಬ್ ಜಲಸಂಧಿಗೆ ತುಸು ಉತ್ತರಕ್ಕೆ, ಮೋಖಾ ಎಂಬ ಹಳೆಯ ಬಂದರಿದೆ. ನಮ್ಮ ಐತಿಹ್ಯದಂತೆ ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಏಳು ಕಾಫಿ ಬೀಜ ತಂದದ್ದು ಅಲ್ಲಿಂದ. ಮೊಳೆಯುವ ಬೀಜವನ್ನು ಹೊರಗೆ ಬಿಡಬಾರದೆಂದು ಅರಬರು ಕಾವಲಿಟ್ಟಿದ್ದ ಕಾಲ. ಅಂದರೆ ಚಿಕ್ಕಮಗಳೂರಿನ ಈ ಸಂಸಾರವೆಲ್ಲ ಶುರುವಾದದ್ದೇ ಒಂದು ಪುಣ್ಯವಂತ ಕಳ್ಳಸಾಗಣೆಯಿಂದ. ಈಗ ಯೆಮನ್ನಿನಲ್ಲಿ 2014ರಿಂದ ಯುದ್ಧ, ಹಸಿವು. ಅಲ್ಲಿಯ ಬೆಟ್ಟದ ರೈತರು ಎಷ್ಟೋ ಕಾಲದ ಹಿಂದೆಯೇ ಕಾಫಿ ಕಿತ್ತು ಖಾತ್ ಎಂಬ ಅಗಿಯುವ ಎಲೆ ಹಾಕಿದ್ದಾರೆ, ಅದಕ್ಕೆ ದಿನಾ ದುಡ್ಡು ಬರುತ್ತದೆಂದು. ಡಾಕ್ ಲಾಕಿನವನು ಡ್ಯೂರಿಯನ್ ಹಾಕಿದ ಲೆಕ್ಕವೇ ಇದು. ಬಾಬಾ ಬುಡನ್ನರಿಗೆ ಈಗ ಬೀಜ ಬೇಕಾಗಿದ್ದರೆ ಕೊಡುವವರನ್ನು ಹುಡುಕಬೇಕಾಗುತ್ತಿತ್ತು.

ಈ ಹೊತ್ತಿಗೆ ಅಕ್ಕ ಎರಡನೆಯ ಸುತ್ತಿನ ಕಾಫಿ ತಂದಳು. "ನಿಮ್ಮ ಲೋಕ ಮುಗೀತಾ? ನಂದು ಕೇಳ್ತೀರಾ?" ಎಂದಳು. ಅವಳ ಲೆಕ್ಕದಲ್ಲಿ ಲೋಕ ಕೆಟ್ಟದ್ದು 2022ರ ಫೆಬ್ರವರಿಯಲ್ಲಿ, ಅದೂ ಎಣ್ಣೆ ಡಬ್ಬದಲ್ಲಿ. ರಷ್ಯ ಉಕ್ರೇನಿನ ಮೇಲೆ ಬಿತ್ತು. ನಮಗೆ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಬರುತ್ತಿದ್ದದ್ದು ಅಲ್ಲಿಂದಲೇ. ಅದರ ಹಿಂದೆಯೇ ಏಪ್ರಿಲ್ ಕೊನೆಗೆ ಇಂಡೋನೇಷ್ಯ ತನ್ನವರಿಗೆ ಸಾಲದೆಂದು ತಾಳೆ ಎಣ್ಣೆಯ ರಫ್ತು ನಿಲ್ಲಿಸಿತು. ಮೇ ತಿಂಗಳಲ್ಲಿ ನಾವೂ ಸುಮ್ಮನಿರಲಿಲ್ಲ, ಗೋಧಿ ರಫ್ತು ನಿಲ್ಲಿಸಿದೆವು. ನಮ್ಮ ಗೋಧಿ ನೆಚ್ಚಿದ್ದ ಯಾವ ದೇಶದ ಅಕ್ಕ ಏನೆಂದುಕೊಂಡಳೋ. ಅಕ್ಕ ಆ ಬೇಸಿಗೆ ಒಂದು ಸಂಡಿಗೆಯನ್ನೂ ಕರಿಯಲಿಲ್ಲ. ಭಾವನಿಗೆ ಸಂಡಿಗೆಗಿಂತ ಪೊಟ್ಯಾಷಿನ ಚಿಂತೆ. ಪೊಟ್ಯಾಷ್ ಗೊಬ್ಬರ ನಮಗೆ ಪೂರ್ತಿ ಹೊರಗಿನಿಂದಲೇ ಬರಬೇಕು. ಬೆಲಾರುಸ್ ಅದನ್ನು ಲಿಥುವೇನಿಯದ ಬಂದರಿನಿಂದ ಸಾಗಿಸುತ್ತಿತ್ತು; ಅದೇ ಫೆಬ್ರವರಿಯಲ್ಲಿ ಲಿಥುವೇನಿಯ ದಾರಿ ಮುಚ್ಚಿತು. ಮೂಡಿಗೆರೆಯ ಗೊಬ್ಬರದಂಗಡಿಯಲ್ಲಿ "ಸ್ಟಾಕಿಲ್ಲ" ಎಂದು ಬೋರ್ಡು ಬಿದ್ದಾಗ ಲಿಥುವೇನಿಯ ಎಂಬ ದೇಶವಿದೆಯೆಂಬುದೇ ಅಲ್ಲಿ ನಿಂತವರಿಗೆ ತಿಳಿದಿರಲಿಲ್ಲ. ಅಂಗಡಿಯವನನ್ನು ಬೈದರು. ಹತ್ತಿರ ಇದ್ದವನು ಅವನೊಬ್ಬನೇ.

ಅಕ್ಕನ ಹಿಂದೆ ಅಡುಗೆಮನೆ ಬಾಗಿಲಲ್ಲಿ ಹೋಳಿಗೆಯ ಪೊಟ್ಟಣ ಹಿಡಿದು ಒಬ್ಬಳು ಹೆಂಗಸು ನಿಂತಿದ್ದಳು. ತೋಟದ ಕೂಲಿ ಲೈನಿನಲ್ಲಿರುವ ಅಸ್ಸಾಮಿನ ಕುಟುಂಬದವಳು. ಮಲೆನಾಡಿನ ತೋಟಗಳು ಈಗ ನಡೆಯುವುದೇ ಅಸ್ಸಾಮಿನವರ ಕೈಯಲ್ಲಿ. ನನಗೆ ಬರುವ ಹರಕು ಹಿಂದಿಯಲ್ಲಿ ಮಾತಾಡಿಸಿದೆ. ಊರಿನಲ್ಲಿ ಹೊಲವಿತ್ತು, ಬ್ರಹ್ಮಪುತ್ರ ದಡ ಕೊರೆದು ತೆಗೆದುಕೊಂಡಿತು ಎಂದಳು, ಬಾಡಿಗೆ ಮನೆ ಬದಲಾಯಿಸಿದ ಸುದ್ದಿ ಹೇಳುವ ಧಾಟಿಯಲ್ಲಿ. ಕಾಫಿ ಬೆಲೆ ಏರಿದ್ದರ ಬಗ್ಗೆ ಏನನ್ನಿಸುತ್ತದೆ ಎಂದು ಪತ್ರಕರ್ತನಂತೆ ಕೇಳಿದೆ. "ಏರಿದ್ರೆ ಒಳ್ಳೇದು, ಕೆಲಸ ಇರುತ್ತೆ," ಎಂದಳು. ಕಾಫಿ ಕುಡಿಯುತ್ತೀಯಾ ಎಂದರೆ ನಕ್ಕುಬಿಟ್ಟಳು. ಕಹಿ. ಅವರ ಲೈನಿನಲ್ಲಿ ಎಲ್ಲರೂ ಹಾಲಿಲ್ಲದ ಕೆಂಪು ಚಹಾ ಕುಡಿಯುವವರು.

ರಾಯರು, ಭಾವ, ಲೈಪ್‌ಜಿಗ್‌ನ ಅಜ್ಜಿ, ನಾವೆಲ್ಲ ಇಷ್ಟು ಹೊತ್ತು ಕಾಫಿಯ ಸುತ್ತ ಕುರ್ಚಿ ಹಾಕಿಕೊಂಡು ಕೂತಿದ್ದವರು. ಆ ಕಾಫಿಯನ್ನು ಕೊಯ್ಯುವವಳಿಗೆ ಅದು ಬೇಡ. ಅವಳು ನಿಂತ ಜಾಗದಿಂದ ನೋಡಿದರೆ ಇಡೀ ಕಥೆ ನದಿಯದು.

ಮೇಷ್ಟ್ರು ಈ ಸಂದರ್ಭಕ್ಕೇ ಕಾದಿದ್ದವರಂತೆ ಗಂಟಲು ಸರಿಮಾಡಿಕೊಂಡು "ಇದಕ್ಕೇ ಪಾಲಿಕ್ರೈಸಿಸ್ ಅಂತಾರೆ," ಎಂದು ತೀರ್ಪು ಕೊಟ್ಟರು. ಫ್ರಾನ್ಸಿನ ಚಿಂತಕ ಎಡ್ಗರ್ ಮೊರಾನ್ ಹೇಳಿದ್ದನ್ನು 2022ರ ಸುಮಾರಿಗೆ ಆಡಮ್ ಟೂಜ್ ಎಂಬ ಇತಿಹಾಸಕಾರರು ಊರೂರಿಗೆ ಮುಟ್ಟಿಸಿದರು. ಬಿಕ್ಕಟ್ಟುಗಳು ಒಂದಕ್ಕೊಂದು ಹೆಣೆದುಕೊಂಡು ಬಿಡಿಬಿಡಿಯಾಗಿ ಇದ್ದುದಕ್ಕಿಂತ ಕೆಟ್ಟದಾಗುತ್ತವೆ ಎಂಬುದು ಸಾರಾಂಶ. ದಾವೋಸಿನ ಆರ್ಥಿಕ ಸಮಾವೇಶದಲ್ಲಿ ಆ ಮಾತು ಬಹಳ ಓಡಿತು. ನನಗೆ ಅದರ ಮೇಲೆ ಸಣ್ಣ ಗುಮಾನಿ. ಎಲ್ಲಕ್ಕೂ ಎಲ್ಲವೂ ಕಾರಣ ಎಂದುಬಿಟ್ಟರೆ ಯಾರನ್ನೂ ಕೇಳುವ ಹಾಗಿಲ್ಲ. ಅದು ದೊಡ್ಡವರಿಗೆ ಬಹಳ ಅನುಕೂಲದ ಸಿದ್ಧಾಂತ. ಹೆಣಿಗೆಯಲ್ಲಿ ಎಲ್ಲ ಎಳೆಗಳೂ ಒಂದೇ ದಪ್ಪದವಲ್ಲ. ಬ್ರೆಜಿಲಿನಲ್ಲಿ ಹಿಮ ಬಿದ್ದರೆ ಮೂಡಿಗೆರೆಯಲ್ಲಿ ನೆಲ ಹಾಸಬಹುದು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕಾಫಿ ತೋಟಗಳ ಸಮೇತ ಜಾರಿ ಬಂದವಲ್ಲ, ಅದಕ್ಕೆಂದು ನ್ಯೂಯಾರ್ಕಿನ ಬೆಲೆ ಒಂದು ಚೂರೂ ಏರಲಿಲ್ಲ. ಪ್ರಪಂಚದ ಕಾಫಿಯಲ್ಲಿ ನಮ್ಮದು ನೂರಕ್ಕೆ ನಾಲ್ಕು ಪಾಲೂ ಇಲ್ಲ. ಮಿನಾಸ್ ಜೆರೈಸಿನ ಯಾವ ರೈತನೂ ಆಗಸ್ಟ್ ತಿಂಗಳಲ್ಲಿ ಕೊಡಗಿಗೆ ಮಳೆ ಜಾಸ್ತಿಯಾಗಲೆಂದು ಹರಕೆ ಹೊರುವುದಿಲ್ಲ. ಅವರ ಕಷ್ಟ ನಮಗೆ ತಲುಪುತ್ತದೆ, ನಮ್ಮದು ಅವರಿಗೆ ತಲುಪುವುದಿಲ್ಲ. ಈ ಒಮ್ಮುಖದ ರಸ್ತೆಗೂ ಒಂದು ಹೆಸರು ಯಾರಾದರೂ ಇಟ್ಟಿದ್ದರೆ ಮೇಷ್ಟ್ರಿಗೆ ತಿಳಿದಿರುತ್ತಿತ್ತು.

ಒಮ್ಮುಖದ ರಸ್ತೆ ಎಂದೊಡನೆ ಭಾವನಿಗೆ ತನ್ನ ಹೊಸ ಸಂಕಟ ನೆನಪಾಯಿತು. 2020ರ ಡಿಸೆಂಬರ್ 31ರ ಆಚೆಗೆ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಕೊಳ್ಳುವುದಿಲ್ಲವೆಂದು ಯುರೋಪಿನವರು 2023ರಲ್ಲಿ ಕಾನೂನು ಮಾಡಿದ್ದಾರೆ. ಜಾರಿ ಮಾಡುವ ದಿನವನ್ನು ಆಗಲೇ ಒಮ್ಮೆ ಮುಂದೂಡಿದ್ದರು, ಆಮೇಲೂ ಮುಂದೂಡಿದರು. ಬೆಳೆಗಾರ ತನ್ನ ತೋಟ ಭೂಮಿಯ ಮೇಲೆ ಎಲ್ಲಿದೆಯೆಂದು ಅಕ್ಷಾಂಶ ರೇಖಾಂಶ ಕೊಡಬೇಕು. "ನನ್ನ ಜಮೀನಿನ ಪೋಡಿ ಅಪ್ಪನ ಕಾಲದಿಂದ ಆಗಿಲ್ಲ. ನಮ್ಮ ಸರ್ವೆಯೋರಿಗೆ ಗೊತ್ತಾಗದ ಮೂಲೆಗಲ್ಲು ಬ್ರಸೆಲ್ಸಿನೋರಿಗೆ ಬೇಕಂತೆ," ಎಂದ. ಅವನ ತೋಟದಲ್ಲಿ ಹಲಸು, ನಂದಿ, ಅತ್ತಿ ಮರಗಳ ನೆರಳಿದೆ, ಅವಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ, ಸಂಜೆ ಮಲಬಾರ್ ಅಳಿಲು ಬಂದು ಕೂಗುತ್ತದೆ. ಅವನೇಕೆ ಕಾಡು ಕಡಿದವನಂತೆ ರುಜುವಾತು ಕೊಡಬೇಕು? ಸೊಸೆಗೆ ಸಿಟ್ಟು ಬಂತು. "ಅಪ್ಪಾ, ಈ ಕಾನೂನು ಮೊದಲೇ ಇದ್ದಿದ್ರೆ ಡಾಕ್ ಲಾಕಲ್ಲಿ ಅಷ್ಟು ಕಾಡು ಹೋಗ್ತಿರಲಿಲ್ಲ. ನಿನ್ನ ಪಾಸ್‌ಪುಸ್ತಕದಲ್ಲಿ ಅಷ್ಟು ಬಡ್ಡಿನೂ ಇರ್ತಿರಲಿಲ್ಲ." ಭಾವ ಅವಳನ್ನೇ ನೋಡಿದ. ರಾಯರು, ಬಂದಾಗಿನಿಂದ ಭಾವನ ಎದುರು ಪಕ್ಷದಲ್ಲಿದ್ದವರು, ಥಟ್ಟನೆ ಅವನ ಪರ ವಹಿಸಿ, "ಅಲ್ಲಮ್ಮಾ, ಅವರು ಬೆಲೆಯಲ್ಲಿ ಎರಡು ಕಾಸು ಹೆಚ್ಚು ಕೊಡ್ತಾರಾ ಈ ನಕ್ಷೆಗೆ?" ಎಂದರು. ಮಧ್ಯಾಹ್ನ ಮೂಟೆ ಹಿಡಿದಿಟ್ಟವರೆಂದು ಬೈದವರು ಸಂಜೆಗೆ ಬೆಳೆಗಾರರ ವಕೀಲರಾಗಿದ್ದರು. ಮೇಷ್ಟ್ರು ಯುರೋಪಿನ ಪರ. ಹಡಗಿನ ಹುಡುಗ ಫೋನಿನಲ್ಲಿ ತನ್ನ ಮುಂದಿನ ಹಡಗಿನ ದಾರಿ ನೋಡುತ್ತಿದ್ದ.

ಭಾವ ಮಾತ್ರ ಬೇರೆಲ್ಲೋ ಹೋಗಿದ್ದ. ಕೆಳಗಿನ ಗದ್ದೆ ಬಯಲಿನ ಪಕ್ಕ ಕೊರಕ ಹಿಡಿದು ಹೋದ ಅರೇಬಿಕಾದ ಒಂದು ಎಕರೆ ಖಾಲಿ ಬಿದ್ದಿದೆ. ಅಲ್ಲಿಗೇನು ಹಾಕುವುದೆಂದು ಎರಡು ವರ್ಷದಿಂದ ಯೋಚನೆ. ಬೆಣ್ಣೆಹಣ್ಣು ಎಂದಿದ್ದ, ರಂಬುಟಾನ್ ಎಂದಿದ್ದ.

"ಮಗಾ," ಎಂದ ಸೊಸೆಗೆ, "ಆ ಡ್ಯೂರಿಯನ್ನು, ಅದಕ್ಕೆ ನಮ್ಮ ಈ ಹವಾ ಆಗುತ್ತಾ?"

ಅಕ್ಕ ಲೋಟಗಳನ್ನು ಬಾಚಿಕೊಳ್ಳುತ್ತಿದ್ದವಳು ನಿಂತಳು. "ರೈಲಿನೋರೇ ಹತ್ತಿಸದ ಹಣ್ಣು ನನ್ನ ಅಂಗಳಕ್ಕೆ ಬಂದ್ರೆ ನಾನು ಇವನ ಜೊತೆ ಬೆಂಗಳೂರಿಗೆ ಹೊರಟೆ ಅಂತ ತಿಳ್ಕೊಳಿ," ಎಂದು ನನ್ನ ಕಡೆ ಬೆರಳು ತೋರಿಸಿದಳು.

"ಸಬ್ಸಿಡಿ ಇದೆಯೇನೋ ವಿಚಾರಿಸ್ತೀನಿ," ಎಂದರು ಮೇಷ್ಟ್ರು.